ಆಟಿಸಂ ಇರುವ ಮಗುವಿನ ಶೌಚದ ತೊಡಕು: ಹಠವೋ, ಹೊಟ್ಟೆಯೋ?

ದಾವಣಗೆರೆಯ ತಾಯಿ

ನನ್ನ ಮಗನಿಗೆ ಈಗ 7 ವರ್ಷ. ಆಟಿಸಂ ಇದೆಯೆಂದು ತಿಳಿದಾಗ ಅವನಿಗೆ 3 ತುಂಬಿತ್ತು. ಅವನ ಬಾಯಲ್ಲಿ ಬರುವ ಮಾತು ಹದಿನೈದಿಪ್ಪತ್ತು, ಆದರೆ ನಾವು ಆಡುವುದು ಬಹುಪಾಲು ಅವನಿಗೆ ಅರ್ಥವಾಗುತ್ತದೆ ಎಂದೇ ನನ್ನ ನಂಬಿಕೆ. ಮೂತ್ರಕ್ಕೆ ಕರೆದುಕೊಂಡು ಹೋದರೆ ತಕರಾರಿಲ್ಲದೆ ಬರುತ್ತಾನೆ. ಮಲವಿಸರ್ಜನೆ ಮಾತ್ರ ಇಂದಿಗೂ ಡಯಾಪರ್‌ನಲ್ಲೇ ಆಗಬೇಕು, ಅದೂ ನಡುಮನೆಯ ಪರದೆಯ ಹಿಂದೆ ನಿಂತುಕೊಂಡೇ ಆಗಬೇಕು.

ಮೂರು ತಿಂಗಳಿಂದ ಇನ್ನೊಂದು ತೊಂದರೆ ಸೇರಿಕೊಂಡಿದೆ. ದಿನಕ್ಕೆ ನಾಲ್ಕೈದು ಬಾರಿ ಚಡ್ಡಿಯಲ್ಲಿ ತೆಳ್ಳಗೆ ಸೋರುತ್ತದೆ. ಭೇದಿಯಿರಬೇಕೆಂದು ಹಣ್ಣು ನಿಲ್ಲಿಸಿ ಅನ್ನ ಮಜ್ಜಿಗೆ ಕೊಟ್ಟೆವು, ಔಷಧದಂಗಡಿಯಿಂದ ಭೇದಿ ನಿಲ್ಲುವ ಸಿರಪ್ ತಂದು ಕುಡಿಸಿದೆವು. ಯಾವುದರಿಂದಲೂ ಕಡಿಮೆಯಾಗಲಿಲ್ಲ. ಶಾಲೆಯವರು ‘ಇದೊಂದನ್ನು ಕಲಿಸಿ ಕರೆತನ್ನಿ, ಅಲ್ಲಿಯವರೆಗೆ ಮನೆಯಲ್ಲೇ ಇರಲಿ’ ಎಂದಿದ್ದಾರೆ. ಮನೆಯ ಹಿರಿಯರು ಇದು ಹಠವೆನ್ನುತ್ತಾರೆ. ಕಳೆದ ವಾರ, ಹೊಸದಾಗಿ ಒಗೆದು ಹಾಸಿದ್ದ ಚಾದರ ಮತ್ತೆ ಹಾಳಾದಾಗ ನಾನೂ ಅವನಿಗೆ ಒಂದೇಟು ಹೊಡೆದೆ. ಅವನು ಅಳಲಿಲ್ಲ, ಪರದೆಯ ಹಿಂದೆ ಹೋಗಿ ನಿಂತುಕೊಂಡ. ಎಲ್ಲಿಂದ ಶುರುಮಾಡಬೇಕೆಂದು ಬಲ್ಲವರು ಹೇಳಬೇಕು.

ಹುಬ್ಬಳ್ಳಿಯ ಮಕ್ಕಳ ವೈದ್ಯೆ

ಮಗುವನ್ನು ನೋಡದೆ ಔಷಧದ ಹೆಸರು ಮತ್ತು ಅಳತೆ ಬರೆಯುವುದು ಸರಿಯಲ್ಲ, ಆದ್ದರಿಂದ ಅದನ್ನು ಮಾಡುವುದಿಲ್ಲ. ಆದರೆ ನೀವು ವಿವರಿಸಿರುವುದು ನನ್ನ ಹೊರರೋಗಿ ಕೊಠಡಿಯಲ್ಲಿ ಎಷ್ಟು ಸಲ ಕೇಳಿದ ಕಥೆಯೆಂದರೆ, ಅರ್ಧ ಓದುವಷ್ಟರಲ್ಲೇ ನನ್ನ ಕೈ ಮಗುವಿನ ಹೊಟ್ಟೆಯ ಎಡಭಾಗವನ್ನು ಹುಡುಕುತ್ತಿತ್ತು.

ಭೇದಿಯಂತೆ ಕಾಣುವ ಈ ಸೋರಿಕೆ ಅನೇಕ ಸಲ ಭೇದಿಯಾಗಿರುವುದಿಲ್ಲ, ಅದು ಮಲಬದ್ಧತೆಯ ಕೊನೆಯ ಹಂತ. ಮಗು ಬಹಳ ದಿನ ಮಲವನ್ನು ತಡೆಹಿಡಿದಾಗ ಅದು ಗುದನಾಳದಲ್ಲಿ ಗಟ್ಟಿಯಾಗಿ ಗಡ್ಡೆ ಕಟ್ಟುತ್ತದೆ, ಮೇಲಿನಿಂದ ಬರುವ ತೆಳುವಾದ ಮಲ ಆ ಗಡ್ಡೆಯ ಪಕ್ಕದಿಂದ ಜಾರಿ ಚಡ್ಡಿಗೆ ಇಳಿಯುತ್ತದೆ. ಗುದನಾಳ ಹಿಗ್ಗಿ ಹಿಗ್ಗಿ, ‘ತುಂಬಿದೆ’ ಎಂಬ ಸೂಚನೆಯನ್ನು ಮಿದುಳಿಗೆ ಕಳಿಸುವುದನ್ನೇ ಬಿಟ್ಟುಬಿಟ್ಟಿರುತ್ತದೆ. ಹೀಗಿರುವಾಗ ಸೋರಿದ್ದು ಮಗುವಿಗೆ ನಿಜವಾಗಿಯೂ ತಿಳಿಯುವುದಿಲ್ಲ. ಏಟು ತಿಂದಾಗ ಅವನು ಅಳದೇ ಇದ್ದುದಕ್ಕೆ ಅದೂ ಒಂದು ಕಾರಣವಿರಬಹುದು, ಏಕೆಂದರೆ ಏಟು ಯಾತಕ್ಕೆ ಬಿತ್ತೆಂಬುದೇ ಅವನಿಗೆ ಗೊತ್ತಾಗಿರಲಾರದು.

ಭೇದಿ ನಿಲ್ಲಿಸುವ ಸಿರಪ್ ಈ ಸ್ಥಿತಿಯಲ್ಲಿ ಗಡ್ಡೆಯನ್ನು ಇನ್ನಷ್ಟು ಗಟ್ಟಿಯಾಗಿಸುತ್ತದೆ, ಅದನ್ನು ಇವತ್ತೇ ನಿಲ್ಲಿಸಿ. ವೈದ್ಯರನ್ನು ಕಾಣುವ ಮೊದಲು ಕೆಲವು ಸಂಗತಿಗಳನ್ನು ಗಮನಿಸಿ ಬರೆದುಕೊಳ್ಳಿ: ನಿಜವಾದ ದೊಡ್ಡ ವಿಸರ್ಜನೆ ಎಷ್ಟು ದಿನಕ್ಕೊಮ್ಮೆ ಆಗುತ್ತದೆ, ಆಗ ಮಲದ ಗಾತ್ರ ಹೇಗಿರುತ್ತದೆ, ಮಗು ದಿನಕ್ಕೆ ಎಷ್ಟು ಹಾಲು ಮತ್ತು ಎಷ್ಟು ನೀರು ಕುಡಿಯುತ್ತದೆ, ಬೇರೆ ಔಷಧಗಳಿವೆಯೇ ಎಂಬುದು. ಮಲದ ರೂಪವನ್ನು ಬಾಯಲ್ಲಿ ವಿವರಿಸುವುದು ಕಷ್ಟವಾದರೆ ಬ್ರಿಸ್ಟಲ್ ಪಟ್ಟಿಯ ಚಿತ್ರ ಹುಡುಕಿ. ಅದರಲ್ಲಿ 7 ಬಗೆಗಳಿವೆ, ಆಡಿನ ಹಿಕ್ಕೆಯಂತಿರುವ 1 ಮತ್ತು ಗಂಟುಗಂಟಾಗಿರುವ 2 ಮಲಬದ್ಧತೆಯನ್ನು ಸೂಚಿಸುತ್ತವೆ.

ದಾವಣಗೆರೆಯ ತಾಯಿ

ನಿಮ್ಮ ಮಾತು ಓದಿ ಕೈ ನಡುಗಿತು. ದೊಡ್ಡ ವಿಸರ್ಜನೆ ಐದಾರು ದಿನಕ್ಕೊಮ್ಮೆ ಆಗುತ್ತದೆ, ಅದು ನನ್ನ ಮುಂಗೈ ಗಾತ್ರ ಇರುತ್ತದೆ. ಇಷ್ಟು ಪುಟ್ಟ ಮೈಯಿಂದ ಅಷ್ಟು ಹೇಗೆ ಬಂತೆಂದು ಅಚ್ಚರಿಪಟ್ಟಿದ್ದೆನೇ ಹೊರತು ಅದನ್ನು ಸೋರಿಕೆಯೊಂದಿಗೆ ಸೇರಿಸಿ ಯೋಚಿಸಿರಲಿಲ್ಲ. ನಿನ್ನೆ ಅವನು ಮಲಗಿದ್ದಾಗ ಮುಟ್ಟಿ ನೋಡಿದೆ, ಹೊಕ್ಕುಳದ ಎಡಕ್ಕೆ ಕೆಳಗೆ ಗಟ್ಟಿಯಾಗಿದೆ. ಊಟದ ವಿಷಯದಲ್ಲಿ ಅವನು ಬಹಳ ಆಯ್ಕೆಯವನು: ಬಿಳಿ ಅನ್ನ, ಒಂದು ಬ್ರಾಂಡಿನ ಬಿಸ್ಕತ್ತು, ದಿನಕ್ಕೆ ಸುಮಾರು ಒಂದು ಲೀಟರ್ ಹಾಲು. ಸಿಟ್ಟು ಕಡಿಮೆಯಾಗಲೆಂದು ರಿಸ್ಪೆರಿಡೋನ್ ಕೊಡುತ್ತಿದ್ದೇವೆ, ಜೊತೆಗೆ ಕಬ್ಬಿಣಾಂಶದ ಟಾನಿಕ್ ಇದೆ.

ಹುಬ್ಬಳ್ಳಿಯ ಮಕ್ಕಳ ವೈದ್ಯೆ

ಹಾಲು ಒಂದು ಲೀಟರ್ ಬಹಳವಾಯಿತು. ಅದು ಹೊಟ್ಟೆ ತುಂಬಿಸಿ ಬೇರೆ ಆಹಾರಕ್ಕೆ ಜಾಗ ಬಿಡುವುದಿಲ್ಲ, ಮಲವನ್ನೂ ಗಟ್ಟಿಯಾಗಿಸುತ್ತದೆ, ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಕಬ್ಬಿಣದ ಟಾನಿಕ್ಕಿನಿಂದಲೂ ರಿಸ್ಪೆರಿಡೋನ್‌ನಿಂದಲೂ ಮಲಬದ್ಧತೆ ಹೆಚ್ಚಬಹುದು. ಆದರೆ ಅವುಗಳನ್ನು ನೀವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟವರೊಂದಿಗೆ ಮಾತಾಡಬೇಕು.

ಚಿಕಿತ್ಸೆ ಎರಡು ಘಟ್ಟದಲ್ಲಿ ನಡೆಯುತ್ತದೆ. ಮೊದಲು ಕೂಡಿಕೊಂಡದ್ದನ್ನು ತೆರವುಗೊಳಿಸಬೇಕು, ಆಮೇಲೆ ಮತ್ತೆ ಕೂಡಿಕೊಳ್ಳದಂತೆ ತಿಂಗಳುಗಟ್ಟಲೆ ಮಲವನ್ನು ಮೆತ್ತಗಿಡಬೇಕು. ಇದಕ್ಕೆ ಸಾಮಾನ್ಯವಾಗಿ ಬಳಸುವುದು ನೀರಿನಲ್ಲಿ ಕರಗಿಸಿ ಕುಡಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಅಥವಾ ಲ್ಯಾಕ್ಟುಲೋಸ್ ಸಿರಪ್. ಆ ಪುಡಿ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ, ಕರುಳಿನಲ್ಲೇ ನೀರನ್ನು ಹಿಡಿದಿಟ್ಟು ಮಲವನ್ನು ಮೃದುವಾಗಿಸುತ್ತದೆ, ‘ಅಭ್ಯಾಸವಾಗಿಬಿಡುತ್ತದೆ’ ಎಂಬ ಭಯ ಬೇಡ. ಚಿಕಿತ್ಸೆ ಹೇಗಿರಬೇಕೆಂದು ವೈದ್ಯರಿಗೆ ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2010ರ ಮಾರ್ಗಸೂಚಿ, ಮಕ್ಕಳ ಮಲಬದ್ಧತೆಗೆ ಆಹಾರ ಬದಲಾವಣೆಯೊಂದನ್ನೇ ಮೊದಲ ಚಿಕಿತ್ಸೆಯಾಗಿ ನೆಚ್ಚಿಕೊಳ್ಳಬಾರದೆಂದು ಹೇಳುತ್ತದೆ. ನಮ್ಮಲ್ಲಿ ಪಪ್ಪಾಯಿ ಕೊಟ್ಟು ಆರು ತಿಂಗಳು ಕಾಯುವವರೇ ಹೆಚ್ಚು. ಮೊದಲ ವಾರ ಸೋರಿಕೆ ಹೆಚ್ಚಾಗುತ್ತದೆ, ಔಷಧ ಎಡವಟ್ಟಾಯಿತೆಂದು ಬಹಳ ಮಂದಿ ನಿಲ್ಲಿಸುವುದು ಅಲ್ಲಿಯೇ. ಮುಂಚೆಯೇ ಹೇಳಿದ್ದೇನೆ, ನೆನಪಿರಲಿ.

ವಾಂತಿ, ಮಲದಲ್ಲಿ ರಕ್ತ, ಹೊಟ್ಟೆಯುಬ್ಬರ, ತೂಕ ಇಳಿಯುವುದು, ಕಾಲಿನಲ್ಲಿ ಶಕ್ತಿ ಕುಂದುವುದು, ಹುಟ್ಟಿದ ಮೊದಲ ವಾರಗಳಿಂದಲೇ ಮಲಬದ್ಧತೆ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ತಡಮಾಡಬೇಡಿ.

ಹಾಸನದ ಅಜ್ಜಿ

ನನ್ನ ಮೊಮ್ಮಗಳಿಗೂ ಇದೇ ಇತ್ತು. ನಮ್ಮ ಕಾಲದಲ್ಲಿ ಹರಳೆಣ್ಣೆ ಕುಡಿಸುತ್ತಿದ್ದೆವು, ಹೋಗದಿದ್ದರೆ ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಗುದದ್ವಾರಕ್ಕೆ ಇಡುತ್ತಿದ್ದೆವು. ಐದು ನಿಮಿಷದಲ್ಲಿ ಕೆಲಸ ಆಗುತ್ತಿತ್ತು. ಇನ್ನೊಂದು ಮಾತು: ಹಸುಗೂಸನ್ನು ನೀಡಿದ ಕಾಲಿನ ಪಾದಗಳ ಮೇಲೆ ಕೂರಿಸಿಕೊಂಡು ‘ಸ್‌ಸ್‌ಸ್’ ಎಂದು ಸದ್ದು ಮಾಡುತ್ತಿದ್ದೆವು, ವರ್ಷ ತುಂಬುವುದರೊಳಗೆ ಆ ಸದ್ದಿಗೇ ಮಕ್ಕಳು ಉಚ್ಚೆ ಹೊಯ್ಯುತ್ತಿದ್ದವು. ಡಯಾಪರ್ ಬಂದಮೇಲೆ ಮಕ್ಕಳಿಗೆ ಒದ್ದೆಯೆಂದರೇನೆಂದೇ ತಿಳಿಯದಾಗಿದೆ. ಇದು ನನ್ನ ಅನುಭವ, ಬೇಸರ ಮಾಡಿಕೊಳ್ಳಬೇಡಿ.

ಹುಬ್ಬಳ್ಳಿಯ ಮಕ್ಕಳ ವೈದ್ಯೆ

ಬೇಸರವೇನಿಲ್ಲ, ಅಜ್ಜಿ. ಸದ್ದಿನ ವಿಷಯ ನೀವು ಹೇಳಿದ್ದು ಸೊಗಸಾಗಿದೆ, ಒಂದು ಸದ್ದನ್ನೋ ಸೂಚನೆಯನ್ನೋ ದೇಹದ ಕ್ರಿಯೆಗೆ ಜೋಡಿಸುವುದನ್ನೇ ನಾವೂ ಮಾಡಿಸುತ್ತೇವೆ. ಡಯಾಪರ್ ಬಗ್ಗೆಯೂ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ತೊಟ್ಟು, ಸೋಪಿನ ಚೂರು ಇವುಗಳನ್ನು ದಯವಿಟ್ಟು ಬಿಟ್ಟುಬಿಡಿ. ಸ್ಪರ್ಶಕ್ಕೆ ಬೆಚ್ಚುವ ಮಗುವಿಗೆ ಆ ಐದು ನಿಮಿಷ ಐದು ವರ್ಷದ ಹೆದರಿಕೆಯಾಗಿ ಉಳಿಯುತ್ತದೆ, ನೋವಿನ ನೆನಪಿನಿಂದ ಮಗು ಮತ್ತೆ ತಡೆಹಿಡಿಯುತ್ತದೆ. ನೋವು, ತಡೆಹಿಡಿಯುವುದು, ಇನ್ನಷ್ಟು ಗಟ್ಟಿಯಾಗುವುದು, ಇನ್ನಷ್ಟು ನೋವು. ಈ ಗಾಣ ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸುವುದು ಕಷ್ಟ.

ಮೈಸೂರಿನ ಔದ್ಯೋಗಿಕ ಚಿಕಿತ್ಸಕ

ಉಡುವುದು, ಉಣ್ಣುವುದು, ಶೌಚದಂಥ ದಿನನಿತ್ಯದ ಕೆಲಸಗಳನ್ನು ಮಕ್ಕಳಿಗೆ ರೂಢಿಸುವುದು ನನ್ನ ವೃತ್ತಿ. ಹೊಟ್ಟೆಯ ನಂತರ ನೋಡಬೇಕಾದದ್ದು ಕೋಣೆ. ನಾನು ತಂದೆತಾಯಿಗಳಿಗೆ ಕೊಡುವ ಮೊದಲ ಕೆಲಸ ವಿಚಿತ್ರವಾಗಿ ಕಾಣಬಹುದು. ಮಗುವಿನ ಎತ್ತರಕ್ಕೆ ಸರಿಯಾಗಿ ಒಂದು ಸ್ಟೂಲಿನ ಮೇಲೆ ಕುಳಿತು, ನಿಮ್ಮ ಮನೆಯ ಶೌಚದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನಿರಿ. ಫಿನಾಯಿಲ್ ವಾಸನೆ ಎಷ್ಟು ಗಾಢವಾಗಿದೆ, ಎಕ್ಸಾಸ್ಟ್ ಫ್ಯಾನು ಹೇಗೆ ಗುಂಯ್‌ಗುಡುತ್ತದೆ, ಟೈಲ್ಸ್ ಗೋಡೆಗೆ ತಾಗಿ ಫ್ಲಶ್ಶಿನ ಸದ್ದು ಹೇಗೆ ಇಮ್ಮಡಿಯಾಗುತ್ತದೆ, ಒದ್ದೆ ನೆಲ ಅಂಗಾಲಿಗೆ ಹೇಗೆ ತಾಗುತ್ತದೆ, ಎತ್ತರದ ಕಮೋಡಿನಲ್ಲಿ ಕಾಲು ತೂಗಾಡಿದರೆ ಬೀಳುತ್ತೇನೆಂಬ ಭಾವ ಹೇಗಿರುತ್ತದೆ ಎಂಬುದನ್ನು ನೋಡಿ. ಮೈಸೂರಿನ ಒಂದು ಮನೆಯಲ್ಲಿ ಮಗು ಒಳಗೆ ಕಾಲಿಡಲು ಒಪ್ಪದಿದ್ದುದಕ್ಕೆ ಕಾರಣ ಮೂಲೆಯಲ್ಲಿ ತೊಟ್ಟಿಕ್ಕುತ್ತಿದ್ದ ನಲ್ಲಿ. 40 ರೂಪಾಯಿಯ ವಾಷರ್ ಬದಲಿಸಿದ್ದಷ್ಟೇ ಚಿಕಿತ್ಸೆಯಾಯಿತು. ಎಲ್ಲ ಕಡೆಯೂ ಇಷ್ಟು ಸುಲಭವಾಗಿ ಮುಗಿಯುತ್ತದೆಂದು ಹೇಳುತ್ತಿಲ್ಲ.

ತದ್ವಿರುದ್ಧವಾದ ಮಕ್ಕಳೂ ಇದ್ದಾರೆ. ಬಕೆಟ್ಟು, ಚೊಂಬು, ನೀರು ಕಂಡರೆ ಅವರಿಗೆ ಅದು ಆಟದ ಮೈದಾನ, ಅಲ್ಲಿ ಕೂರುವ ಯೋಚನೆಯೇ ಬರುವುದಿಲ್ಲ. ಅಂಥವರಿಗೆ ಶೌಚದ ಸಮಯದಲ್ಲಿ ಬಕೆಟ್ಟನ್ನು ಹೊರಗಿಟ್ಟು, ಎಲ್ಲ ಮುಗಿದ ಮೇಲೆ ಎರಡು ನಿಮಿಷ ನೀರಾಟವನ್ನು ಬಹುಮಾನವಾಗಿ ಕೊಡಬಹುದು.

ಭಂಗಿಯ ಬಗ್ಗೆ: ಕುಕ್ಕರಗಾಲಿನಲ್ಲಿ ಕುಳಿತಾಗ ಗುದನಾಳದ ಸುತ್ತಲಿನ ಸ್ನಾಯು ಸಡಿಲಗೊಂಡು ದಾರಿ ನೇರವಾಗುತ್ತದೆ. ನಮ್ಮ ಹಳೆಯ ಬಗೆಯ ಪಾಯಖಾನೆ ಈ ದೃಷ್ಟಿಯಿಂದ ಒಳ್ಳೆಯದೇ, ಆದರೆ ಸ್ನಾಯುಬಲ ಕಡಿಮೆಯಿರುವ ಮಕ್ಕಳು ಅಲ್ಲಿ ಹೆಚ್ಚು ಹೊತ್ತು ಸಮತೋಲನ ಕಾಯ್ದುಕೊಳ್ಳಲಾರರು. ಕಮೋಡಾದರೆ ಕಾಲ ಕೆಳಗೆ ಗಟ್ಟಿಯಾದ ಮಣೆಯಿಡಿ, ಮೊಣಕಾಲು ಸೊಂಟಕ್ಕಿಂತ ತುಸು ಮೇಲಿರಬೇಕು. ಸೀಟಿನ ಮೇಲೆ ಚಿಕ್ಕ ಸೀಟು ಕೂರಿಸಿ, ಮಗು ಒಳಕ್ಕೆ ಜಾರಬಾರದು. ಇನ್ನು ಸಮಯ: ಊಟವಾದ ಇಪ್ಪತ್ತರಿಂದ ಮೂವತ್ತು ನಿಮಿಷಕ್ಕೆ ದೊಡ್ಡ ಕರುಳು ತಾನಾಗಿಯೇ ಚಲಿಸುತ್ತದೆ, ಬೆಳಗಿನ ತಿಂಡಿಯ ನಂತರ ಅದು ಚೆನ್ನಾಗಿ ನಡೆಯುತ್ತದೆ. ಆಗ ಐದು ನಿಮಿಷ ಕೂರಿಸಿದರೆ ಸಾಕು. ಅರ್ಧ ಗಂಟೆ ಕಟ್ಟಿಹಾಕಿದಂತೆ ಕೂರಿಸುವುದು ಶಿಕ್ಷೆ, ಕಲಿಕೆಯಲ್ಲ. ಕುಳಿತಾಗ ಸಾಬೂನು ನೀರಿನ ಗುಳ್ಳೆ ಊದಿಸಿ ಅಥವಾ ಪೀಪಿ ಊದಿಸಿ, ಊದುವಾಗ ಹೊಟ್ಟೆಯ ಮೇಲೆ ಬೇಕಾದಷ್ಟೇ ಒತ್ತಡ ಬೀಳುತ್ತದೆ.

ಬೆಂಗಳೂರಿನ ತಂದೆ

ಡಯಾಪರ್ ಬಿಡಿಸಿದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮಗೆ ಇದನ್ನು ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ನನ್ನ ಮಗಳಿಗೆ ಆಗ 6 ವರ್ಷ. ಡಯಾಪರ್ ಹಾಕದಿದ್ದರೆ ನಾಲ್ಕು ದಿನವಾದರೂ ತಡೆದಿಟ್ಟುಕೊಳ್ಳುತ್ತಿದ್ದಳು. ಎರಡು ಸಲ ಒಮ್ಮೆಲೇ ನಿಲ್ಲಿಸಿ ನೋಡಿದೆವು, ಎರಡು ಸಲವೂ ಆಸ್ಪತ್ರೆಯಲ್ಲಿ ಎನಿಮಾ ಕೊಡಿಸುವ ಸ್ಥಿತಿ ಬಂತು. ಮೂರನೆಯ ಸಲ ನಮ್ಮ ಚಿಕಿತ್ಸಕಿ ಹೇಳಿದ್ದು: ‘ಡಯಾಪರ್ ಅವಳ ಶೌಚಾಲಯ, ಅದನ್ನು ಕಿತ್ತುಕೊಳ್ಳಬೇಡಿ, ನಡೆಸಿಕೊಂಡು ಹೋಗಿ ಕಮೋಡಿನ ಮೇಲಿಡಿ.’ ಹಾಗೆಯೇ ಮಾಡಿದೆವು. ಮೊದಲು ಡಯಾಪರ್ ಹಾಕಿಕೊಂಡು ಬಾಗಿಲ ಬಳಿ ನಿಲ್ಲಬೇಕು, ಅಷ್ಟೇ. ಆಮೇಲೆ ಒಳಗೆ ನಿಲ್ಲಬೇಕು. ಆಮೇಲೆ ಮುಚ್ಚಿದ ಕಮೋಡಿನ ಮೇಲೆ ಡಯಾಪರ್ ಸಮೇತ ಕೂರಬೇಕು. ಮುಚ್ಚಳ ತೆರೆದು ಕೂರಿಸುವ ಹಂತದಲ್ಲಿ ಒಂಬತ್ತು ದಿನ ಸಿಕ್ಕಿಹಾಕಿಕೊಂಡೆವು, ಅವಸರ ಮಾಡಲಿಲ್ಲ. ನಂತರ ಡಯಾಪರ್‌ನ ತಳದಲ್ಲಿ ಕತ್ತರಿಯಿಂದ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿದೆ. ಎರಡು ಮೂರು ದಿನಕ್ಕೊಮ್ಮೆ ಆ ತೂತನ್ನು ಅವಳೆದುರೇ ಸ್ವಲ್ಪ ಸ್ವಲ್ಪ ದೊಡ್ಡದು ಮಾಡುತ್ತ ಹೋದೆ. ಕೊನೆಗೆ ಉಳಿದದ್ದು ಸೊಂಟದ ಪಟ್ಟಿ ಮಾತ್ರ. ಹನ್ನೊಂದು ದಿನ ಅವಳು ಆ ಪಟ್ಟಿಯನ್ನು ಉಡಿದಾರದಂತೆ ಕಟ್ಟಿಕೊಂಡು ಕಮೋಡಿನ ಮೇಲೆ ಕೂರುತ್ತಿದ್ದಳು. ಹನ್ನೆರಡನೆಯ ದಿನ ಅದನ್ನು ತಾನೇ ಬಿಚ್ಚಿ ನನ್ನ ಕೈಗಿತ್ತಳು. ಒಟ್ಟು ಮೂರೂವರೆ ತಿಂಗಳು ಹಿಡಿಯಿತು. ಆ ಅವಧಿಯುದ್ದಕ್ಕೂ ಮಲ ಮೆತ್ತಗಾಗುವ ಔಷಧ ನಡೆದೇ ಇತ್ತು, ಅದಿಲ್ಲದೆ ಇದಾವುದೂ ಆಗುತ್ತಿರಲಿಲ್ಲ.

ಬಹುಮಾನದ ವಿಷಯದಲ್ಲೂ ಎಡವಿದ್ದೆವು. ಚಾಕೊಲೇಟು, ಚಪ್ಪಾಳೆ ಎರಡೂ ಕೆಲಸ ಮಾಡಲಿಲ್ಲ. ಚಪ್ಪಾಳೆಗಂತೂ ಕಿವಿ ಮುಚ್ಚಿಕೊಂಡು ಓಡಿದಳು. ಅವಳಿಗೆ ಇಷ್ಟವಾದದ್ದು ಹಿತ್ತಾಳೆಯ ಚಿಕ್ಕ ತಟ್ಟೆಯನ್ನು ನೆಲದ ಮೇಲೆ ತಿರುಗಿಸಿ ಅದು ಗಿರಗಿರನೆ ನಿಲ್ಲುವುದನ್ನು ನೋಡುವುದು. ಆ ತಟ್ಟೆಯನ್ನು ಶೌಚದ ಕೋಣೆಯ ಮೇಲಿನ ಗೂಡಿನಲ್ಲಿಟ್ಟೆವು, ಅಲ್ಲಿ ಬಿಟ್ಟರೆ ಬೇರೆಲ್ಲೂ ಅದು ಸಿಗುತ್ತಿರಲಿಲ್ಲ.

ಇನ್ನು ಪದಗಳು. ನಾವು ಕನ್ನಡಿಗರು ಈ ವಿಷಯವನ್ನು ನೇರವಾಗಿ ಹೇಳುವುದೇ ಇಲ್ಲ. ‘ಒಂದಕ್ಕೆ ಬಂತಾ?’ ಎಂದು ನಾನು ಕೇಳಿದರೆ ಅವಳು ‘ಎರಡು, ಮೂರು, ನಾಲ್ಕು’ ಎಂದು ಮುಂದುವರಿಸುತ್ತಿದ್ದಳು. ಅಂಕಿ ಕಲಿಸಿದ್ದೂ ನಾನೇ ಅಲ್ಲವೇ? ಊರಿನಿಂದ ಬಂದ ನನ್ನ ತಾಯಿ ‘ಹೊರಗೆ ಹೋಗ್ಬೇಕಾ ಪುಟ್ಟಾ?’ ಎಂದರೆ ಚಪ್ಪಲಿ ತಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಶಾಲೆಯಲ್ಲಿ ‘ವಾಷ್‌ರೂಮ್’, ಆಯಾ ಬಾಯಲ್ಲಿ ಹಿಂದಿಯ ಪದ. ಮಾತನ್ನು ಅಕ್ಷರಶಃ ಹಿಡಿಯುವ ಮಗುವಿಗೆ ಇವು ನಾಲ್ಕು ಬೇರೆ ಬೇರೆ ಸಂಗತಿಗಳು. ಕೊನೆಗೆ ನಮ್ಮದೇ ಕಮೋಡಿನ ಫೋಟೋ ತೆಗೆದು, ಪ್ಲಾಸ್ಟಿಕ್ ಹೊದಿಸಿ, ಮನೆಗೊಂದು ಶಾಲೆಗೊಂದು ಕಾರ್ಡು ಮಾಡಿ, ‘ಕಕ್ಕ’ ಎಂಬ ಒಂದೇ ಪದಕ್ಕೆ ಎಲ್ಲರನ್ನೂ ಒಪ್ಪಿಸಿದೆವು. ನನ್ನ ತಾಯಿಯನ್ನು ಒಪ್ಪಿಸುವುದು ಮಗಳನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು.

ತುಮಕೂರಿನ ತಂದೆ

ಮೂರೂವರೆ ತಿಂಗಳು ಬೇಕೇ? ಮೂರೇ ದಿನದಲ್ಲಿ ಕಲಿಸುವ ವಿಧಾನವಿದೆಯೆಂದು ವೀಡಿಯೊಗಳಲ್ಲಿ ಹೇಳುತ್ತಾರೆ. ಬಹಳ ನೀರು ಕುಡಿಸಿ, ಅರ್ಧ ಗಂಟೆಗೊಮ್ಮೆ ಕೂರಿಸಿ, ತಪ್ಪಾದರೆ ಮಗುವಿನಿಂದಲೇ ಒರೆಸಬೇಕಂತೆ. ಯಾರಾದರೂ ಪ್ರಯತ್ನಿಸಿದ್ದೀರಾ?

ಶಿವಮೊಗ್ಗದ ವಿಶೇಷ ಶಿಕ್ಷಕಿ

ಈ ಬಗೆಯ ವಿಧಾನಗಳ ಬೇರು 1971ರಲ್ಲಿ ಅಮೆರಿಕದ ಅಜ್ರಿನ್ ಮತ್ತು ಫಾಕ್ಸ್ ಪ್ರಕಟಿಸಿದ ಕೆಲಸದಲ್ಲಿದೆ. ಅವರು ಅದನ್ನು ರೂಪಿಸಿದ್ದು ಸಂಸ್ಥೆಯೊಂದರಲ್ಲಿ ವಾಸಿಸುತ್ತಿದ್ದ ಬೌದ್ಧಿಕ ಅಂಗವೈಕಲ್ಯವುಳ್ಳ ವಯಸ್ಕರಿಗಾಗಿ. ಹೆಚ್ಚು ದ್ರವ, ಆಗಾಗ ಕೂರಿಸುವುದು, ಯಶಸ್ಸಾದ ಕ್ಷಣದಲ್ಲೇ ಬಹುಮಾನ, ಇವು ಇಂದಿಗೂ ಉಳಿದುಕೊಂಡಿರುವ ಅಂಶಗಳು. ತಪ್ಪಾದಾಗ ಮತ್ತೆ ಮತ್ತೆ ಒರೆಸಿಸುವ ಭಾಗವನ್ನು ಇಂದು ಸರಿಯೆಂದು ಒಪ್ಪುವವರು ಕಡಿಮೆ, ನನಗಂತೂ ಅದು ಅವಮಾನವೆಂದೇ ಅನ್ನಿಸುತ್ತದೆ. ಮಿಗಿಲಾಗಿ, ಗುದನಾಳ ತುಂಬಿ ಹಿಗ್ಗಿರುವ ಮಗುವಿಗೆ ಯಾವ ಮೂರು ದಿನದ ವಿಧಾನವೂ ನಡೆಯುವುದಿಲ್ಲ. ಮೂತ್ರದ ತರಬೇತಿಗೆ ಅದರ ಸೌಮ್ಯ ರೂಪವನ್ನು ಬಳಸಬಹುದು. ಅದಕ್ಕೂ ಮೊದಲು ಒಂದು ವಾರ ಗಂಟೆಗೊಮ್ಮೆ ಒದ್ದೆಯೋ ಒಣವೋ ಎಂದು ಬರೆದಿಡಿ. ಒಂದೂವರೆ ಎರಡು ಗಂಟೆ ಒಣಗಿರುತ್ತಾನೆಂದು ಕಂಡರೆ ಅದಕ್ಕೆ ಹತ್ತು ನಿಮಿಷ ಮುಂಚೆ ಕರೆದೊಯ್ಯಿರಿ. ಗಡಿಯಾರ ನೋಡಿ ಎಳೆದೊಯ್ಯುವುದಕ್ಕೂ ಮಗುವಿನ ಮೈಯ ಲಯ ನೋಡಿ ಕರೆದೊಯ್ಯುವುದಕ್ಕೂ ವ್ಯತ್ಯಾಸವಿದೆ.

ಶಾಲೆಯ ವಿಷಯದಲ್ಲಿ ದಾವಣಗೆರೆಯ ತಾಯಿಗೆ ಒಂದು ಮಾತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅದರ 16ನೇ ಕಲಮಿನಂತೆ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳು ಅಂಗವಿಕಲ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಆ ಮಗುವಿಗೆ ಬೇಕಾದ ಸೂಕ್ತ ಹೊಂದಾಣಿಕೆಗಳನ್ನು ಒದಗಿಸಬೇಕು. ‘ಕಲಿಸಿ ಕರೆತನ್ನಿ’ ಎಂಬುದು ಈ ಕಲಮಿನ ಆಶಯಕ್ಕೆ ಹೊಂದುವುದಿಲ್ಲ. ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯಿರಿ. ಅದಕ್ಕೂ ಬಗ್ಗದಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡಲು ಅವಕಾಶವಿದೆ. ಆದರೆ ನನ್ನ ಅನುಭವದಲ್ಲಿ ಕಾಯ್ದೆಯ ಪುಟಕ್ಕಿಂತ ಮೊದಲು ಒಂದು ಚೀಲ ತೆಗೆದುಕೊಂಡು ಹೋಗುವುದು ಲೇಸು: ಎರಡು ಜೊತೆ ಬಟ್ಟೆ, ಒದ್ದೆ ಒರೆಸುವ ಕಾಗದ, ಮುಚ್ಚುವ ಚೀಲ, ಚಿತ್ರದ ಕಾರ್ಡು, ಯಾವ ಹೊತ್ತಿಗೆ ಏನು ಮಾಡಬೇಕೆಂದು ಅರ್ಧ ಪುಟದ ಟಿಪ್ಪಣಿ. ಆಯಾಗಳ ಹೆದರಿಕೆ ಬಹುಪಾಲು ಏನು ಮಾಡಬೇಕೆಂದು ತಿಳಿಯದ ಹೆದರಿಕೆ.

ಸಮವಸ್ತ್ರದ ಪ್ಯಾಂಟನ್ನೂ ನೋಡಿ. ಬೆಲ್ಟು, ಕೊಕ್ಕೆ, ಜಿಪ್ಪು ಮೂರನ್ನೂ ಬಿಚ್ಚುವಷ್ಟರಲ್ಲಿ ಯಾವ ಮಗುವಾದರೂ ಸೋಲುತ್ತದೆ. ಅದೇ ಬಟ್ಟೆಯಲ್ಲಿ ಎಲಾಸ್ಟಿಕ್ ಹಾಕಿಸಿ, ಹೊರಗಿನಿಂದ ವ್ಯತ್ಯಾಸವೇ ಕಾಣದು. ಮನೆಯಲ್ಲಿ ಕಮೋಡು, ಶಾಲೆಯಲ್ಲಿ ಕುಕ್ಕರಗಾಲಿನದು ಎಂದಿದ್ದರೆ ರಜೆಯ ದಿನ ಮಗುವನ್ನು ಖಾಲಿ ಶಾಲೆಗೆ ಕರೆದೊಯ್ದು ಆ ಕೋಣೆಯನ್ನು ಪರಿಚಯಿಸಿ.

ರೆಡಿಂಗ್‌ನಲ್ಲಿರುವ ಕನ್ನಡತಿ

ಇಲ್ಲಿ ಬ್ರಿಟನ್ನಿನಲ್ಲಿ ನನ್ನ ಮಗನ ಶಾಲೆ, ಯಾರು ಬಟ್ಟೆ ಬದಲಿಸುತ್ತಾರೆ, ಎಲ್ಲಿ, ಯಾರ ಅರಿವಿನಲ್ಲಿ ಎಂಬುದನ್ನೆಲ್ಲ ಬರೆದ ವೈಯಕ್ತಿಕ ಆರೈಕೆಯ ಯೋಜನೆಗೆ ನಮ್ಮ ಸಹಿ ಪಡೆದ ಮೇಲೆಯೇ ಅವನನ್ನು ಮುಟ್ಟುತ್ತದೆ. ಅದರಲ್ಲಿ ಮಗುವನ್ನು ಕಾಪಾಡುವ ಅಂಶವೂ ಇದೆ: ಸಹಾಯ ಮಾಡಲು ಯಾರಿಗೆ ಅನುಮತಿಯಿದೆ, ಯಾರಿಗಿಲ್ಲ ಎಂಬುದು ಮಗುವಿಗೂ ಚಿತ್ರದಲ್ಲಿ ಹೇಳಿಕೊಡಲಾಗುತ್ತದೆ. ಊರಿನ ಶಾಲೆಗಳಲ್ಲೂ ಇಂಥ ಒಂದು ಹಾಳೆಯನ್ನು ಪೋಷಕರೇ ಬರೆದುಕೊಟ್ಟರೆ ತಪ್ಪೇನಿಲ್ಲ. ಜೊತೆಗೊಂದು ಚಿಕ್ಕ ಉಪಾಯ: ವಿಮಾನ ನಿಲ್ದಾಣ, ಮಾಲ್‌ಗಳಲ್ಲಿ ತಾನಾಗಿಯೇ ಫ್ಲಶ್ ಆಗುವ ಕಮೋಡಿನ ಸೆನ್ಸರ್ ಮೇಲೆ ಅಂಟುವ ಚೀಟಿಯೊಂದನ್ನು ಹಚ್ಚಿ, ಮಗು ಎದ್ದು ಹೊರಬಂದ ಮೇಲೆ ತೆಗೆಯಿರಿ. ನನ್ನ ಕೈಚೀಲದಲ್ಲಿ ಆ ಹಳದಿ ಚೀಟಿಗಳ ಕಟ್ಟು ಯಾವಾಗಲೂ ಇರುತ್ತದೆ.

ಮಂಗಳೂರಿನ ಓದುಗ

ನಾನು ಪೋಷಕನಲ್ಲ. ನನಗೆ 27 ವರ್ಷ, ಆಟಿಸಂ ಇರುವುದು ನನಗೇ. ಮೇಲಿನದನ್ನೆಲ್ಲ ಓದಿದ ಮೇಲೆ ಒಳಗಿನಿಂದ ಅದು ಹೇಗಿರುತ್ತದೆಂದು ಹೇಳಬೇಕೆನ್ನಿಸಿತು.

ಮೂತ್ರ ಬರುತ್ತಿದೆ ಎಂಬುದು ಇತರರಿಗೆ ನಿಧಾನವಾಗಿ ಏರುವ ಸೂಚನೆಯಂತೆ. ನನಗೆ ಹಾಗಲ್ಲ. ಇಲ್ಲ, ಇಲ್ಲ, ಇಲ್ಲ, ಆಮೇಲೆ ಒಮ್ಮೆಲೇ ‘ಈಗಲೇ’. ನಡುವೆ ಮೆಟ್ಟಿಲುಗಳಿಲ್ಲ. ಹಸಿವು, ಮೂತ್ರ, ಆತಂಕ ಮೂರೂ ಹೊಟ್ಟೆಯಲ್ಲಿ ಒಂದೇ ಬಗೆಯ ಬಿಗಿತವಾಗಿ ತೋರುತ್ತವೆ. ಈಗಲೂ ಕಾರಣವಿಲ್ಲದೆ ಸಿಟ್ಟು ಬಂದರೆ ಮೊದಲು ಶೌಚಾಲಯಕ್ಕೆ ಹೋಗಿ ನೋಡುತ್ತೇನೆ, ಹತ್ತರಲ್ಲಿ ನಾಲ್ಕು ಸಲ ಸಿಟ್ಟು ಅಲ್ಲಿಯೇ ಇಳಿಯುತ್ತದೆ. ಕಚೇರಿಯಲ್ಲಿ ಎರಡೂವರೆ ಗಂಟೆಗೊಮ್ಮೆ ಕೈಗಡಿಯಾರ ಕಂಪಿಸುವಂತೆ ಇಟ್ಟುಕೊಂಡಿದ್ದೇನೆ. ನಿಮ್ಮ ಮಕ್ಕಳಿಗೂ ಇದನ್ನು ಕಲಿಸಬಹುದು, ‘ನಿನಗೇ ಗೊತ್ತಾಗಬೇಕು’ ಎಂದು ಕಾಯುವುದರಿಂದ ಪ್ರಯೋಜನವಿಲ್ಲ.

ಚಿಕ್ಕಂದಿನಲ್ಲಿ ನನ್ನನ್ನು ಬಹಳ ಹೆದರಿಸಿದ್ದು ಫ್ಲಶ್ ಅಲ್ಲ, ನನ್ನ ಮೈಯಿಂದ ಬೇರ್ಪಟ್ಟ ಒಂದು ಭಾಗ ಸುಳಿಯಲ್ಲಿ ತಿರುಗಿ ಮಾಯವಾಗುತ್ತದೆ ಎಂಬುದು. ಅದು ಎಲ್ಲಿಗೆ ಹೋಗುತ್ತದೆಂದು ನನ್ನ ಚಿಕ್ಕಪ್ಪ ಕೊಳವೆಯ ಚಿತ್ರ ಬರೆದು, ಹಿತ್ತಲಿನ ಗುಂಡಿಯ ಮುಚ್ಚಳದವರೆಗೂ ನಡೆಸಿಕೊಂಡು ಹೋಗಿ ತೋರಿಸಿದ ಮೇಲೆ ನಾನು ಕೂರತೊಡಗಿದೆ. ಹಾಗೆಯೇ ಒಂದು ಕೋರಿಕೆ: ಸಂಬಂಧಿಕರ ಮುಂದೆ ಈ ವಿಷಯ ಮಾತಾಡಬೇಡಿ. ಮಾತು ಬಾರದ ಮಗುವಿಗೂ ಕಿವಿ ಕೇಳಿಸುತ್ತದೆ. ನನ್ನ ಬಗ್ಗೆ ಹೇಳಿದ ಒಂದೊಂದು ವಾಕ್ಯವೂ ನನಗೆ ಇಂದಿಗೂ ನೆನಪಿದೆ.

ಕಲಬುರಗಿಯ ತಂದೆ

ಕೇಳಲು ನಾಚಿಕೆಯಾಗುತ್ತದೆ. 9 ವರ್ಷದ ನನ್ನ ಮಗಳು ರಾತ್ರಿ ಡಯಾಪರ್‌ನೊಳಗೆ ಕೈಹಾಕಿ ಮಲವನ್ನು ಗೋಡೆಗೆ, ಹಾಸಿಗೆಗೆ ಬಳಿಯುತ್ತಾಳೆ. ಹೆಂಡತಿ ಅತ್ತು ಅತ್ತು ಸಾಕಾಗಿದ್ದಾಳೆ.

ಮೈಸೂರಿನ ಔದ್ಯೋಗಿಕ ಚಿಕಿತ್ಸಕ

ನಾಚಿಕೆ ಬೇಡ, ನೀವು ಊಹಿಸುವುದಕ್ಕಿಂತ ಹೆಚ್ಚು ಮನೆಗಳಲ್ಲಿ ಇದು ನಡೆಯುತ್ತದೆ, ಯಾರೂ ಹೇಳಿಕೊಳ್ಳುವುದಿಲ್ಲ. ಕೈ ಅಲ್ಲಿಗೆ ಹೋಗುವುದೇಕೆ ಎಂಬುದೇ ಮೊದಲ ಪ್ರಶ್ನೆ. ರಾತ್ರಿಯೇ ಆಗುವುದರಿಂದ ಜಂತುಹುಳುವಿನ ತುರಿಕೆ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು, ಚಿಕ್ಕ ಬಿಳಿ ಹುಳುಗಳಿಂದ ತುರಿಕೆ ರಾತ್ರಿ ಹೆಚ್ಚಾಗುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಶಾಲೆ ತಪ್ಪಿದ ಮಕ್ಕಳಿಗೆ ಸಿಕ್ಕಿರುವುದಿಲ್ಲ, ವಿಚಾರಿಸಿ. ಮಲಬದ್ಧತೆಯಿಂದ ಗುದದ್ವಾರ ಬಿರಿದು ಉರಿಯುತ್ತಿರಬಹುದು, ಸರಿಯಾಗಿ ತೊಳೆಯದೆ ಅಂಟು ಉಳಿದಿರಬಹುದು.

ಇವ್ಯಾವುವೂ ಅಲ್ಲದಿದ್ದರೆ ಅವಳ ಕೈ ಆ ಮೆತ್ತನೆಯ ಸ್ಪರ್ಶವನ್ನೇ ಹುಡುಕುತ್ತಿದೆ ಎಂದುಕೊಳ್ಳಬಹುದು. ಹಗಲಿನಲ್ಲಿ, ನಿಗದಿತ ಜಾಗದಲ್ಲಿ, ಅಂಥದೇ ಸ್ಪರ್ಶ ಕೊಡಿ: ಬೆಚ್ಚಗಿನ ರಾಗಿ ಅಂಬಲಿಯ ಗಟ್ಟಿ, ಚಪಾತಿ ಹಿಟ್ಟು, ಕೆರೆಯ ಜೇಡಿಮಣ್ಣು. ಮಲಗುವಾಗ ಬೆನ್ನಿನ ಕಡೆ ಜಿಪ್ಪಿರುವ ಒಂದೇ ತುಂಡಿನ ಉಡುಪು ಹೊಲಿಸಿ. ಆದದ್ದನ್ನು ಕಂಡಾಗ ಕೂಗಾಡದೆ, ನಗದೆ, ಹೆಚ್ಚು ಮಾತಿಲ್ಲದೆ ಸ್ವಚ್ಛಗೊಳಿಸಿ. ಬಿಸಿನೀರಿನ ಸ್ನಾನ ಅವಳಿಗೆ ಇಷ್ಟವಾದರೆ ಆ ಸ್ನಾನವೇ ಬಹುಮಾನವಾಗಿಬಿಡುತ್ತದೆ, ಆದ್ದರಿಂದ ಬರೀ ಒರೆಸಿ ತೊಳೆದರೆ ಸಾಕು.

ಹುಬ್ಬಳ್ಳಿಯ ಮಕ್ಕಳ ವೈದ್ಯೆ

ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಚೆನ್ನಾಗಿ ಕಲಿತಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡಿಕೊಳ್ಳತೊಡಗಿದರೆ ಅದನ್ನು ಆಟಿಸಂನ ಲೆಕ್ಕಕ್ಕೆ ಬರೆಯಬೇಡಿ. ಮೂತ್ರದ ಸೋಂಕು, ಮಕ್ಕಳ ಮಧುಮೇಹ, ಮೂರ್ಛೆರೋಗ, ಹೊಸ ಔಷಧ, ಶಾಲೆಯಲ್ಲಿ ಬೆದರಿಕೆ, ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿರುವುದು, ಇವೆಲ್ಲವನ್ನೂ ಯೋಚಿಸಲೇಬೇಕು.

ದಾವಣಗೆರೆಯ ತಾಯಿ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ವೈದ್ಯರು ಹೊಟ್ಟೆ ಮುಟ್ಟಿದ ಕೂಡಲೇ ‘ಪೂರ್ತಿ ತುಂಬಿದೆ’ ಎಂದರು. ಪುಡಿ ಶುರುಮಾಡಿದೆವು. ಮೊದಲ ಎಂಟು ದಿನ ಮನೆಯಲ್ಲಿ ಒಗೆದ ಬಟ್ಟೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಹುಬ್ಬಳ್ಳಿಯ ವೈದ್ಯೆ ಮೊದಲೇ ಹೇಳದಿದ್ದರೆ ಮೂರನೆಯ ದಿನ ನಿಲ್ಲಿಸಿಬಿಡುತ್ತಿದ್ದೆ. ಈಗ ಸೋರಿಕೆ ಎರಡು ಮೂರು ದಿನಕ್ಕೊಮ್ಮೆ ಆಗುತ್ತದೆ, ದಿನಬಿಟ್ಟು ದಿನ ಮೆತ್ತಗಿನ ವಿಸರ್ಜನೆಯಾಗುತ್ತದೆ. ಹಾಲನ್ನು ವಾರಕ್ಕೆ ನೂರು ಮಿಲಿಲೀಟರಿನಂತೆ ಇಳಿಸುತ್ತಿದ್ದೇನೆ, ಏಳುನೂರಕ್ಕೆ ಬಂದು ನಿಂತಿದ್ದಾನೆ, ಅದಕ್ಕಿಂತ ಕೆಳಗೆ ಒಪ್ಪುತ್ತಿಲ್ಲ.

ಪರದೆಯ ಬಗ್ಗೆ ಯಾರೂ ಹೇಳಿರಲಿಲ್ಲ, ಅದು ನನಗೇ ಹೊಳೆಯಿತು. ನಡುಮನೆಯ ಆ ಪರದೆಯನ್ನೇ ಬಿಚ್ಚಿ ಶೌಚದ ಕೋಣೆಯೊಳಗೆ, ಕಮೋಡಿನ ಪಕ್ಕ ಹಗ್ಗ ಕಟ್ಟಿ ನೇತುಹಾಕಿದೆ. ಎರಡು ದಿನ ನಡುಮನೆಯ ಖಾಲಿ ಜಾಗದಲ್ಲಿ ನಿಂತು ಅತ್ತ. ಮೂರನೆಯ ದಿನ ಪರದೆಯನ್ನು ಹುಡುಕಿಕೊಂಡು ಒಳಗೆ ಹೋದ. ಈಗ ಡಯಾಪರ್ ಹಾಕಿಕೊಂಡು, ಕೋಣೆಯೊಳಗೆ, ಪರದೆಯ ಹಿಂದೆ ನಿಂತೇ ಮಾಡುತ್ತಾನೆ. ಕೂರುವ ಹಂತ ಇನ್ನೂ ಬಂದಿಲ್ಲ. ಶಾಲೆಗೆ ಪತ್ರ ಕೊಟ್ಟು ಹತ್ತು ದಿನವಾಯಿತು, ದಿನಕ್ಕೆ ಎರಡು ಗಂಟೆ ಕಳಿಸಲು ಬಾಯಿಮಾತಿನಲ್ಲಿ ಒಪ್ಪಿದ್ದಾರೆ, ಲಿಖಿತ ಉತ್ತರ ಬಂದಿಲ್ಲ.

ಬೆಂಗಳೂರಿನ ತಂದೆಗೆ ಒಂದು ಪ್ರಶ್ನೆ: ಕೂರಿಸುವ ಮೊದಲ ದಿನ ಮುಚ್ಚಳದ ಮೇಲೆ ಏನಾದರೂ ಹಾಸಿದ್ದಿರಾ? ಇವನಿಗೆ ತಣ್ಣಗಿನ ಪ್ಲಾಸ್ಟಿಕ್ ತಾಗಿದರೆ ಎದ್ದುಬಿಡುತ್ತಾನೆ.

ಬೆಂಗಳೂರಿನ ತಂದೆ

ಹಾಸಿದ್ದೆವು. ಅವಳ ಹಳೆಯ ಕೌದಿಯ ಒಂದು ತುಂಡನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ವಾರಕ್ಕೊಂದು ಮಡಿಕೆ ಬಿಚ್ಚುತ್ತ ಬಂದೆವು.